ಮೂರನೆಯ ಕೂಗು

ಕೆಮ್ಮು ಬಿಡುತ್ತಿಲ್ಲವೆಂದು ಮಗಳು ಮೊನ್ನೆ ಪೇಟೆಯಿಂದ ಜ್ಯೇಷ್ಠಮಧುವಿನ ಒಂದು ತುಂಡು ತಂದುಕೊಟ್ಟಳು. ನೋಡಲಿಕ್ಕೆ ಒಣ ಬೇರು, ಒಲೆಗೆ ಹಾಕುವ ಚಕ್ಕೆಗಿಂತ ಹೆಚ್ಚಿನ ಅಂದವೇನೂ ಅದಕ್ಕಿಲ್ಲ. ಇಷ್ಟು ದಿನ ಮಾತ್ರೆ ನುಂಗಿಸಿ ಈಗ ಇದಾ ಎಂದು ಗೊಣಗಿಕೊಂಡೇ ಬಾಯಿಗಿಟ್ಟೆ. ದವಡೆಯಲ್ಲಿ ಒಂದು ಸಲ ಜಗಿದೆ ನೋಡಿ, ಆ ಮಣ್ಣುವಾಸನೆಯ ಸಿಹಿ ಗಂಟಲಿಗೆ ಇಳಿಯುತ್ತಿದ್ದ ಹಾಗೆಯೇ ಕಿವಿಯೊಳಗೆ ಒಂದು ಕೂಗು ಎದ್ದಿತು. ಉದ್ದದ, ಬಾಗಿ ಬಾಗಿ ಹೋಗುವ ಕೂಗು... ಅಮ್ಮನ ಹೆಸರು ಹಿಡಿದು ಕೂಗಿದ್ದು. ನಾನು ಕುರ್ಚಿಯಲ್ಲಿ ಒಬ್ಬಳೇ ಕುಳಿತು ನಗಲಿಕ್ಕೆ ಶುರು ಮಾಡಿದೆ. ಮಗಳು ಒಳಗಿನಿಂದ ಬಂದು ಎಂತಾಯಿತು ಎಂದು ಕೇಳಿದಳು. ಹೇಳಲಿಕ್ಕೆ ಹೊರಟರೆ ಕೆಮ್ಮು, ಕೆಮ್ಮು ನಿಂತರೆ ನಗು. ಆದ್ದರಿಂದ ಬರೆದೇ ಬಿಡುವುದು ಒಳ್ಳೆಯದು ಎಂದು ಕುಳಿತಿದ್ದೇನೆ.

ಹಾಗೆ ಕೂಗಿದವರನ್ನು ಊರವರೆಲ್ಲ ಕೂಗುವ ಬ್ಯಾರಿಗಳು ಎನ್ನುತ್ತಿದ್ದರು, ನಮ್ಮ ಕರಾವಳಿಯ ಮುಸಲ್ಮಾನರಿಗೆ ಬ್ಯಾರಿಗಳು ಎನ್ನುವುದು. ಆಗ ಪುತ್ತೂರಿನಲ್ಲಿ ಕೋರ್ಟು ಗುಡ್ಡೆಯ ಮೇಲೆ ಇತ್ತು. ಒಳಗೆ ಒಂದು ಕೇಸಿನ ಸರದಿ ಬಂತೆಂದರೆ ಹೊರಗೆ ಜಗಲಿಗೆ ಬಂದು, ಕಕ್ಷಿಗಾರರ ಊರು ಹೆಸರು ಸೇರಿಸಿ ಮೂರು ಸಲ ಕೂಗುವುದು ಅವರ ಕೆಲಸ. ಖಾಕಿ ಕೋಟು, ಹೆಗಲಿನಿಂದ ಸೊಂಟಕ್ಕೆ ಇಳಿದ ಕೆಂಪು ಡವಾಲಿ, ಅದರ ನಡುವಿನಲ್ಲಿ ಹುಣಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆಯ ಬಿಲ್ಲೆ. ಆಳು ಎಷ್ಟು ಸಣಕಲು ಎಂದರೆ, ಆ ಸ್ವರ ಅಷ್ಟು ಸಣ್ಣ ಎದೆಯೊಳಗೆ ಎಲ್ಲಿ ಕುಳಿತುಕೊಂಡಿರುತ್ತದೆ ಎಂದು ನನಗೆ ಆಶ್ಚರ್ಯ. ಕೂಗುವ ಮೊದಲು ಜ್ಯೇಷ್ಠಮಧುವಿನ ತುಂಡನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ದೂಡುತ್ತಿದ್ದರು. ಅದು ದಾಟಿತೆಂದರೆ ಜಗಲಿಯಲ್ಲಿ ಕುಳಿತವರೆಲ್ಲ ಮಾತು ನಿಲ್ಲಿಸಬೇಕು.

ನಮ್ಮದು ಪೆರಾಬೆ. ನಮ್ಮ ಮೇಲೆ ಕೇಸು ಹಾಕಿದವರು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಮಾವ, ಅಮ್ಮನ ಅಣ್ಣ. ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವುದು, ಅದರ ಉಸ್ತುವಾರಿ ಮಾತ್ರ ಮಾವಂದಿರದ್ದು. ಅಜ್ಜಿಯ ಮನೆ ಅಮ್ಮನಿಗೆ ಬಂದಿತ್ತು. ಅಪ್ಪ ತೀರಿಹೋದ ಮೇಲೆ ಮಾವನಿಗೆ ಅದೇನು ಹೊಳೆಯಿತೋ, ಈ ಮನೆ ನಾನು ದುಡಿದು ಕಟ್ಟಿಸಿದ್ದು, ನನ್ನದು, ತಂಗಿ ಬಿಟ್ಟುಕೊಡಲಿ ಎಂದು ಕೋರ್ಟಿಗೆ ಹೋದರು. ಅಮ್ಮನಿಗೆ ಆ ಮನೆ ಹೋದರೆ ತಲೆಯ ಮೇಲೆ ಬೇರೆ ಸೂರು ಇರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ರಾಮಕುಂಜದಲ್ಲಿ ಶಾಲೆ ಮುಗಿಸಿ ಮದುವೆಗೆ ಕಾದು ಕುಳಿತವಳು. ಹಾಗಾಗಿ ಪ್ರತಿ ವಾಯಿದೆಗೂ ಅಮ್ಮನ ಜೊತೆ ಕೋರ್ಟಿಗೆ ಹೋಗುವ ಭಾಗ್ಯ ನನ್ನದಾಯಿತು.

ಭಾಗ್ಯ ಎಂದು ತಮಾಷೆಗೆ ಹೇಳಿದ್ದಲ್ಲ. ಬೆಳಿಗ್ಗೆ ಎದ್ದು, ಅವಲಕ್ಕಿ ಕಟ್ಟಿಕೊಂಡು, ಇಳಿದು ಹೋಗಿ ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ, ಆಚೆ ದಡದಿಂದ ನಡೆದು, ಕಾಣಿಯೂರು ಕಡೆಯಿಂದ ಬರುವ ಬಸ್ಸು ಹಿಡಿದು ಪುತ್ತೂರಿಗೆ. ಕೋರ್ಟು ಮುಗಿಸಿ ಹೋಟೆಲಿನಲ್ಲಿ ಗೋಳಿಬಜೆ. ವಕೀಲರು ಇನ್ನೊಂದು ವಾಯಿದೆ ಬಿತ್ತು ಎಂದರೆ ಅಮ್ಮ ನಿಟ್ಟುಸಿರು ಬಿಡುವಳು, ನನಗೆ ಒಳಗೊಳಗೇ ಇನ್ನೊಂದು ಗೋಳಿಬಜೆ. ಇನ್ನೂ ದೊಡ್ಡ ಚಂದ ಎಂದರೆ, ಮಾವನೂ ಅದೇ ದೋಣಿಯಲ್ಲಿ ಬರುವುದು! ಊರಿಗೆ ಇದ್ದದ್ದೇ ಒಂದು ದೋಣಿ. ವಾದಿ ಆ ತುದಿಯಲ್ಲಿ, ಪ್ರತಿವಾದಿ ಈ ತುದಿಯಲ್ಲಿ, ನಡುವೆ ಅವಲಕ್ಕಿಯ ಗಂಟು. ಅಣ್ಣ ಹಸಿದುಕೊಂಡು ಬರುವುದು ಗೊತ್ತಿದ್ದರಿಂದ ಅಮ್ಮ ಮುಖ ಆಚೆ ತಿರುಗಿಸಿಕೊಂಡೇ ಗಂಟನ್ನು ಅವರ ಕಡೆಗೆ ದೂಡುವಳು. ಅವರೂ ಮುಖ ತಿರುಗಿಸಿಕೊಂಡೇ ತಿನ್ನುವರು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಮಾವ ನಮಗೆ ಹಿಡಿದಿಡುವುದು, ಗುಡ್ಡೆ ಹತ್ತುವಾಗ ಮಾತ್ರ ಬೇರೆ ಬೇರೆ ಹತ್ತುವುದು. ವೈರಿಗಳಲ್ಲವೇ ಮತ್ತೆ!

ಇಲ್ಲಿ ಅಮ್ಮನ ಒಂದು ಅಭ್ಯಾಸ ಹೇಳಿಬಿಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿರುವುದು. ಸತ್ತವರ ಪ್ರೇತಕ್ಕೆ ನಾವು ಕುಲೆ ಎನ್ನುವುದು. ಕುಲೆ ಮನುಷ್ಯರ ಸ್ವರದಲ್ಲಿಯೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಕರೆದುಕೊಂಡೇ ಹೋಗುತ್ತದೆ. ಆದರೆ ಅದಕ್ಕೆ ಎರಡು ಸಲ ಮಾತ್ರ ಕರೆಯಲಿಕ್ಕೆ ಆಗುವುದು, ಮೂರನೆಯ ಸಲ ಕರೆಯುವುದು ಜೀವ ಇದ್ದವರು ಮಾತ್ರ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಎಲ್ಲರೂ ಅದನ್ನು ಕತ್ತಲಾದ ಮೇಲೆ ಪಾಲಿಸಿದರೆ ಅಮ್ಮ ಹಾಡಹಗಲಿನಲ್ಲೂ ಪಾಲಿಸುತ್ತಿದ್ದಳು. ಕುಲೆಗೆ ಗಡಿಯಾರ ಉಂಟಾ ಎಂದು ಕೇಳುತ್ತಿದ್ದಳು. ಅಪ್ಪ ಇದ್ದ ಕಾಲದಲ್ಲಿ ಊಟಕ್ಕೆ ಕುಳಿತು ಸಾರು ಬೇಕಾದರೆ ಮೂರು ಸಲ ಕರೆಯಬೇಕು, ಅಷ್ಟರಲ್ಲಿ ಅವರ ಊಟ ಮುಗಿಯುತ್ತಿತ್ತು.

ಹೀಗಿರುವವಳನ್ನು ಮೊದಲ ಸಲ ಕೋರ್ಟಿಗೆ ಕರೆದುಕೊಂಡು ಹೋದರೆ ಏನಾಗಬೇಕು? ಬ್ಯಾರಿಗಳು ಜಗಲಿಗೆ ಬಂದು ಪೆರಾಬೆಯ ಹೆಸರು, ಅಮ್ಮನ ಹೆಸರು ಸೇರಿಸಿ ಕೂಗಿದರು. ಅಮ್ಮ ಅವರ ಕಾಲಬುಡದಲ್ಲಿಯೇ ಕುಳಿತಿದ್ದಳು, ಅಲ್ಲಾಡಲಿಲ್ಲ. ನಾನು ಮೊಣಕೈಯಿಂದ ತಿವಿದೆ. ಅವಳು ನನ್ನ ತೊಡೆಯನ್ನು ಹೇಗೆ ಚಿವುಟಿದಳೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ಕೂಗಿದರು. ಅಮ್ಮ ಎದುರಿನ ಹಲಸಿನ ಮರ ನೋಡುತ್ತಿದ್ದಳು. ಮೂರನೆಯದು ಆಯಿತು, ಅಮ್ಮ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಎದ್ದು ನಿಂತಳು. ಬ್ಯಾರಿಗಳು ಸೊಂಟಕ್ಕೆ ಕೈ ಕೊಟ್ಟು ನೋಡಿದರು.

"ಎಂತ ಅಮ್ಮ, ಕಿವಿ ಕೇಳುದಿಲ್ವಾ? ನಾನು ನಿಮ್ಮ ತಲೆಯ ಮೇಲೆಯೇ ನಿಂತು ಕೂಗುದು ಮಾರಾಯ್ರೆ."

ಅಮ್ಮ ತುಳುವಿನಲ್ಲಿ ಕಾರಣ ಹೇಳಿದಳು. ಅವರು ನಕ್ಕ ನಗುವಿಗೆ ಡವಾಲಿಯ ಬಿಲ್ಲೆ ಕೋಟಿನ ಗುಂಡಿಗೆ ಬಡಿದು ಸದ್ದಾಯಿತು. ತಮ್ಮ ತಾಯಿ, ಉಮ್ಮ ಕೂಡ ಇದನ್ನೇ ಹೇಳುತ್ತಿದ್ದರು, ಸಣ್ಣದಿರುವಾಗ ಮೂರನೆಯ ಸಲ ಕರೆಯದೆ ತಾವು ಗುಡ್ಡೆಯಿಂದ ಮನೆಗೆ ಬರುತ್ತಿರಲಿಲ್ಲ ಎಂದರು. ಅಲ್ಲಿಂದ ಅವರಿಬ್ಬರಿಗೂ ಒಂದು ಒಪ್ಪಂದ ಆದ ಹಾಗೆ ಆಯಿತು. ಅಮ್ಮನ ಸರದಿ ಬಂದರೆ ಮೊದಲಿನ ಎರಡನ್ನು ಲೆಕ್ಕಕ್ಕಿಲ್ಲದ ಹಾಗೆ ಗಡಿಬಿಡಿಯಲ್ಲಿ ಮುಗಿಸಿ, ಬೇರನ್ನು ಕೆನ್ನೆಯಿಂದ ಕೆನ್ನೆಗೆ ದಾಟಿಸಿ, ಮೂರನೆಯದನ್ನು ಮಾತ್ರ ಮನಸ್ಸಿಟ್ಟು ಎಳೆಯುತ್ತಿದ್ದರು. ಎಂಥ ಕೂಗು ಅದು! ಬೇಸಾಯ ಮಾಡಿ ಒರಟಾದ ನನ್ನ ಅಮ್ಮನ ಹೆಸರು ಅವರ ಬಾಯಲ್ಲಿ ರಾಣಿಯ ಹೆಸರಾಗುತ್ತಿತ್ತು. ಕೋರ್ಟಿಗೆ ಹೋಗುವ ದಿನ ಅಮ್ಮ ಒಳ್ಳೆಯ ಸೀರೆ ಉಡುತ್ತಿದ್ದದ್ದು ಜಡ್ಜರಿಗಾಗಿ ಅಲ್ಲ, ಆ ಕೂಗಿಗಾಗಿ ಎಂದು ನನಗೆ ಈಗಲೂ ಅನುಮಾನ.

ಕೋರ್ಟಿನ ಪಕ್ಕದಲ್ಲಿ, ಅದೇ ಅಂಗಳಕ್ಕೆ ಮುಖಮಾಡಿ ಜೈಲು. ಜೈಲು ಎಂದರೆ ದೊಡ್ಡದೇನಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಸರಳು ಹಾಕಿದ ಸಣ್ಣ ಕಿಟಕಿಗಳು, ಬಾಗಿಲ ಪಕ್ಕ ಪೊಲೀಸರು ನೆಟ್ಟ ಬಸಳೆಯ ಚಪ್ಪರ. ಒಳಗೆ ಇರುತ್ತಿದ್ದವರು ಕೋಳಿ ಅಂಕದಲ್ಲಿ ಸಿಕ್ಕಿಬಿದ್ದವರು, ಕದ್ದು ಕಳ್ಳು ಇಳಿಸಿದವರು, ಗದ್ದೆಯ ಬದುವಿಗಾಗಿ ಹೊಡೆದಾಡಿದವರು. ಹೊತ್ತು ಹೋಗದ ಅವರಿಗೆ ಬ್ಯಾರಿಗಳ ಕೂಗೇ ನಾಟಕ, ಅದೇ ಸಂಗೀತ. ಮೂರನೆಯ ಕೂಗು ಮುಗಿದದ್ದೇ ಕಿಟಕಿಯಿಂದ ಯಾರಾದರೊಬ್ಬ ಅದೇ ರಾಗದಲ್ಲಿ "ಬಂದೇ..." ಎಂದು ಉತ್ತರ ಕೊಡುವನು. ಕಾವಲಿನ ಪೊಲೀಸು ಲಾಠಿಯಿಂದ ಬಾಗಿಲು ಬಡಿಯುವನು, ಬಡಿಯುವಾಗ ಅವನಿಗೂ ನಗು. ಬ್ಯಾರಿಗಳು ಮಾತ್ರ ಕೇಳಿಸದವರ ಹಾಗೆ ಒಳಗೆ ಹೋಗುವರು. ಆದರೆ ಯಾವತ್ತಾದರೂ ಜೈಲಿನಿಂದ ಉತ್ತರ ಬಾರದಿದ್ದರೆ, ಇವತ್ತು ನನ್ನ ಸ್ವರ ಸರಿ ಇಲ್ಲವಾ ಎಂದು ನಮ್ಮನ್ನು ಕೇಳುವರು.

ಕಾದು ಕುಳಿತ ಹೊತ್ತಿನಲ್ಲಿ ಕೋರ್ಟಿನ ಪೂರ್ವಕಥೆಯೆಲ್ಲ ನಮಗೆ ಸಿಕ್ಕಿದ್ದು ಅವರ ಬಾಯಿಂದಲೇ. ಮೊದಲು ಕಚೇರಿ ಇದ್ದದ್ದು ಉಪ್ಪಿನಂಗಡಿಯಲ್ಲಂತೆ. ಅಲ್ಲಿ ಕೂಗುತ್ತಿದ್ದದ್ದು ಅವರ ಅಪ್ಪ. ಎರಡು ಹೊಳೆ ಕೂಡುವ ಜಾಗ, ಕೂಗಿದರೆ ಸ್ವರ ನೀರಿನ ಮೇಲೆ ಜಾರಿಕೊಂಡು ಹೋಗಿ ಆಚೆ ದಡದ ಕಕ್ಷಿಗಾರ ಅಲ್ಲಿಂದಲೇ ಓಗೊಡುತ್ತಿದ್ದನಂತೆ. ದೊಡ್ಡ ನೆರೆ ಬಂದು ಕಡತಗಳೆಲ್ಲ ನೀರು ಕುಡಿದ ಮೇಲೆ, ಇನ್ನು ಹೊಳೆಯ ಸಹವಾಸ ಬೇಡ ಎಂದು ಕಚೇರಿಯನ್ನು ಪುತ್ತೂರಿನ ಗುಡ್ಡೆಗೆ ಹತ್ತಿಸಿದರಂತೆ. ಗುಡ್ಡೆಗೆ ಬಂದ ಮೇಲೆ ಅಪ್ಪನ ಸ್ವರ ಗಾಳಿಗೆ ಚದರಿ ಹೋಗುತ್ತಿತ್ತು, ಜೈಲಿನ ಗೋಡೆ ಎದ್ದ ಮೇಲೆಯೇ ಅದಕ್ಕೆ ಬಡಿದು ವಾಪಸು ಬರಲಿಕ್ಕೆ ಶುರುವಾದದ್ದು ಎಂದು ಅವರ ವಾದ. ಜೈಲು ಕಟ್ಟಿದ್ದು ಕಳ್ಳರಿಗಲ್ಲ, ನಮ್ಮ ಅಪ್ಪನ ಗಂಟಲಿಗೆ ಎನ್ನುವರು. ಇದರಲ್ಲಿ ನಿಜ ಎಷ್ಟೋ, ಬ್ಯಾರಿಗಳ ಒಗ್ಗರಣೆ ಎಷ್ಟೋ...

ನಡುವೆ ಒಮ್ಮೆ ಕೋರ್ಟಿನ ಮಾಡು ಸೋರುತ್ತದೆಂದು ರಿಪೇರಿಗೆ ತೆಗೆದರು. ಅಷ್ಟು ಸಮಯ ಕೋರ್ಟು ಪೇಟೆಯ ಒಂದು ಬಾಡಿಗೆಮನೆಗೆ ಇಳಿಯಿತು. ಚಾವಡಿಯಲ್ಲಿ ಜಡ್ಜರು, ಅಡುಗೆಮನೆಯಲ್ಲಿ ಕಡತಗಳು, ಬಚ್ಚಲಿನ ಹತ್ತಿರ ವಕೀಲರು. ಕಟಕಟೆ ಒಳಗೆ ಹಿಡಿಸದೆ, ಸಾಕ್ಷಿಗಳು ಉಪ್ಪರಿಗೆಯ ಏಣಿ ಹಿಡಿದುಕೊಂಡು ಸತ್ಯ ಹೇಳಬೇಕಿತ್ತು. ಪಕ್ಕದ ಮನೆಯಲ್ಲಿ ಬಾಣಂತಿ. ಬ್ಯಾರಿಗಳು ಮೊದಲ ದಿನ ಎಂದಿನ ಹಾಗೆ ಕೂಗಿದ್ದಕ್ಕೆ ಮಗು ಎದ್ದು ಕಿರುಚಿ, ಬಾಣಂತಿಯ ತಾಯಿ ಹೊರಗೆ ಬಂದು ಕೋರ್ಟಿಗೇ ಬೈದುಹೋದಳು. ಆಮೇಲೆ ಪಾಪ, ಅವರು ಒಬ್ಬೊಬ್ಬರ ಹತ್ತಿರ ಹೋಗಿ ಮದುವೆಗೆ ಕರೆಯುವವರ ಹಾಗೆ ಮೆಲ್ಲಗೆ ಕರೆಯುವುದಾಯಿತು. ಅಮ್ಮನನ್ನು ಹಾಗೆಯೇ ಮೂರು ಸಲ, ಎದುರು ನಿಂತು. ಮಾಡು ಸರಿಯಾಗಿ ಕೋರ್ಟು ಪುನಃ ಗುಡ್ಡೆ ಹತ್ತಿದ ದಿನ ಅವರು ಹಾಕಿದ ಮೊದಲ ಕೂಗಿಗೆ ಇಡೀ ಜೈಲೇ "ಬಂದೇ..." ಎಂದಿತು. ಅಂದು ಮಾತ್ರ ಬ್ಯಾರಿಗಳು ಜೈಲಿನ ಕಡೆ ತಿರುಗಿ ಸಲಾಮು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಹೀಗೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಕೊನೆಗೆ ಅಮ್ಮನ ಹೇಳಿಕೆಯ ದಿನ ಬಂತು. ಅಷ್ಟರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು. ಆ ಕಡೆಯಿಂದ ಹೊಸ ಜಡ್ಜರು ಬಂದಿದ್ದರು. ಇದು ಕಡೆಯ ವಾಯಿದೆ, ಕೂಗಿದಾಗ ಅಮ್ಮ ಎದ್ದು ಬಾರದಿದ್ದರೆ ಬರಲಿಲ್ಲ ಎಂದೇ ಬರೆದು ಮನೆಯನ್ನು ಮಾವನಿಗೆ ಕೊಟ್ಟುಬಿಡುತ್ತಾರೆ ಎಂದು ವಕೀಲರು ಮೊದಲೇ ಹೆದರಿಸಿದ್ದರು. ನಾವು ಬೇಗನೇ ಬಂದೆವು. ಅಮ್ಮನನ್ನು ಜಗಲಿಯಲ್ಲಿ ಕೂರಿಸಿ, ಜೈಲಿನ ಆಚೆ ಬದಿಯ ಇನ್ನೊಂದು ಕೋರ್ಟಿನಲ್ಲಿದ್ದ ನಮ್ಮ ವಕೀಲರನ್ನು ಕರೆಯಲಿಕ್ಕೆ ನಾನು ಹೋದೆ. ಅವರು ಕರಿಕೋಟು ಸಿಕ್ಕಿಸಿಕೊಳ್ಳುತ್ತಾ, ಬೇಗ ನಡೆ, ಹೊಸ ಜಡ್ಜರು ಇವತ್ತಿನಿಂದ ಎರಡೇ ಕೂಗು ಸಾಕು ಎಂದಿದ್ದಾರೆ, ಕೇಸುಗಳು ಬಹಳ ಬಾಕಿಯಂತೆ ಎಂದರು.

ಅದೇ ಹೊತ್ತಿಗೆ ಪೆರಾಬೆ ಎನ್ನುವ ಕೂಗು ಕೇಳಿತು. ಒಂದು. ನಾನು ವಕೀಲರನ್ನು ಅಲ್ಲಿಯೇ ಬಿಟ್ಟು ಓಡಿದೆ. ಸೀರೆ ಕಾಲಿಗೆ ತೊಡರಿ ಬಸಳೆಯ ಚಪ್ಪರ ಹಿಡಿದುಕೊಂಡೆ, ಚಪ್ಪರ ಅರ್ಧ ನನ್ನ ಜೊತೆಯೇ ಬಂತು. ಅಲ್ಲಿಂದ ಜಗಲಿ ಕಾಣುತ್ತಿತ್ತು. ಬ್ಯಾರಿಗಳು ಎರಡನೆಯ ಸಲ ಕೂಗಿದರು. ಅಂದು ಅವರು ಗಡಿಬಿಡಿ ಮಾಡಲಿಲ್ಲ, ಎರಡನೆಯದನ್ನೇ ತಮ್ಮ ಉಸಿರು ಇರುವಷ್ಟೂ ಎಳೆದರು. ಅಮ್ಮ ಹಲಸಿನ ಮರ ನೋಡುತ್ತಾ ಕುಳಿತಿದ್ದಳು! ಎದುರಿನ ಬೆಂಚಿನಲ್ಲಿ ಮಾವ. ತಂಗಿ ಯಾಕೆ ಏಳುವುದಿಲ್ಲ ಎಂದು ಆ ಜಗಲಿಯಲ್ಲಿ ಗೊತ್ತಿದ್ದವರು ಇಬ್ಬರೇ, ಒಬ್ಬರು ಮಾವ, ಒಬ್ಬರು ಬ್ಯಾರಿಗಳು. ಕೂಗಲಿಕ್ಕೆ ನೋಡಿದರೆ ಓಡಿದ ಏದುಸಿರಿಗೆ ನನಗೆ ಸ್ವರವೇ ಹೊರಡಲಿಲ್ಲ. ಬ್ಯಾರಿಗಳು ಒಳಗೆ ತಿರುಗಿ ನೋಡಿದರು. ಕರೆದದ್ದಾಯಿತಲ್ಲ, ಒಳಗೆ ಬಾ ಎಂದು ಜಡ್ಜರು ಕೈಸನ್ನೆ ಮಾಡಿದ್ದು ತೆರೆದ ಬಾಗಿಲಿನಿಂದ ನನಗೂ ಕಂಡಿತು. ಬ್ಯಾರಿಗಳಿಗೆ ನಿವೃತ್ತಿಗೆ ಇನ್ನು ಸ್ವಲ್ಪವೇ ಸಮಯ ಇತ್ತು. ಆ ಹೊತ್ತಿನಲ್ಲಿ ಜಡ್ಜರ ಮಾತು ಮೀರಿದವನ ಗತಿ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನೋಡುತ್ತಿದ್ದ ಹಾಗೆ ಬೇರು ಬಲಗೆನ್ನೆಯಿಂದ ಎಡಗೆನ್ನೆಗೆ ದಾಟಿತು.

ಆಮೇಲೆ ಬಂದ ಕೂಗನ್ನು ನಾನು ಹೇಗೆ ಬರೆಯಲಿ... ಗುಡ್ಡೆ ಇಳಿದು ಪೇಟೆಗೆ ಹೋಗಿ ಬಂತು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಜೈಲಿನಿಂದ ಯಾರೋ ರಾಗವಾಗಿ "ಬಂದೇ..." ಎಂದರು. ನನಗೆ ಅಳು ಬಂತು, ಸಂತೋಷಕ್ಕೆ.

ಎಲ್ಲರೂ ಒಳಗೆ ಹೋದೆವು. ಎರಡು ಸಲ ಸಾಕು ಎಂದು ಬೆಳಿಗ್ಗೆಯೇ ಹೇಳಿರಲಿಲ್ಲವೇ ಎಂದು ಜಡ್ಜರು ಕೇಳಿದರು. ಬ್ಯಾರಿಗಳು ಡವಾಲಿಯ ಬಿಲ್ಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಹೌದು ಸ್ವಾಮಿ. ಎರಡು ಸಲ ಕೂಗಿದ್ದು ಕೋರ್ಟು. ಮೂರನೆಯದು ನಾನು ಕೂಗಿದ್ದು."

ಜಡ್ಜರಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಹತ್ತಿರ ಕುಳಿತೂ ಯಾಕಮ್ಮ ಮೊದಲೇ ಏಳಲಿಲ್ಲ ಎಂದು ಅಮ್ಮನನ್ನು ಕೇಳಿದರು. ಅಮ್ಮನಿಗೆ ಹೆದರಿಕೆ ಎನ್ನುವುದೇ ಇರಲಿಲ್ಲ, ಕುಲೆಯ ಸಂಗತಿಯನ್ನು ತುಳುವಿನಲ್ಲಿ ವಿಸ್ತಾರವಾಗಿ ಹೇಳಿದಳು. ಮೈಸೂರಿನ ಜಡ್ಜರಿಗೆ ತುಳು ಬಾರದು. ಗುಮಾಸ್ತರು ಎದ್ದು ನಿಂತು, ಎರಡು ಸಲ ಕರೆಯುವುದು ಪ್ರೇತವಂತೆ ಸ್ವಾಮಿ, ಮೂರನೆಯ ಸಲ ಕರೆಯುವುದು ಮನುಷ್ಯರಂತೆ ಎಂದು ಕನ್ನಡ ಮಾಡಿದರು. ಜಡ್ಜರು ಅಮ್ಮನನ್ನು ನೋಡಿದರು, ಬ್ಯಾರಿಗಳನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು.

"ನಾಳೆಯಿಂದ ಮೂರು ಸಲವೇ ಕೂಗಪ್ಪ. ನನ್ನ ಕೋರ್ಟು ದೆವ್ವ ಅನ್ನಿಸಿಕೊಳ್ಳೋದು ಬೇಡ."

ಅಮ್ಮ ಅಂದು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಹಿಂದಿರುಗುವಾಗ ದೋಣಿಯಲ್ಲಿ ಮಾವ ಅವಲಕ್ಕಿಯ ಗಂಟಿಗೆ ಕೈ ಹಾಕಲಿಲ್ಲ. ಹೊಳೆಯ ನಡುವಿಗೆ ಬಂದ ಮೇಲೆ, "ನಾನು ಬಾಯಿ ತೆರೆದಿದ್ದೆ ತಂಗಿ. ಬ್ಯಾರಿಗಳು ಮೊದಲು ಕೂಗಿದ್ರು" ಎಂದರು. ಅಮ್ಮ, ತೆರೆದದ್ದು ನಾನು ನೋಡಿದ್ದೇನೆ ಎಂದು ಹೇಳಿ ಗಂಟನ್ನು ಅವರ ಮಡಿಲಿಗೇ ಹಾಕಿದಳು. ಅವಳು ನೋಡುತ್ತಿದ್ದದ್ದು ಹಲಸಿನ ಮರವನ್ನು. ಆದರೂ ಹಾಗೆಂದಳು. ಮುಂದೆ ತೀರ್ಪು ಅಮ್ಮನ ಪರವಾಗಿ ಬಂತು, ಮಾವ ಮೇಲಿನ ಕೋರ್ಟಿಗೆ ಹೋಗಲಿಲ್ಲ. ನನ್ನ ಮದುವೆಯ ಚಪ್ಪರಕ್ಕೆ ಗುಂಡಿ ತೋಡಿದ್ದು ಅವರೇ.

ತೀರ್ಪಿನ ದಿನ ಅಮ್ಮ ಬ್ಯಾರಿಗಳಿಗೆ ಬಾಳೆಗೊನೆ ಕೊಂಡುಹೋಗಿದ್ದಳು. ಕೋರ್ಟಿನ ಕೆಲಸದವರು ಕಕ್ಷಿಗಾರರಿಂದ ಎಂತದೂ ತೆಗೆದುಕೊಳ್ಳಬಾರದು ಎಂದು ಅವರು ಮುಟ್ಟಲಿಲ್ಲ. ಕೊನೆಗೆ ಅದನ್ನು ಜೈಲಿನ ಬಾಗಿಲಿಗೆ ಹೊತ್ತುಕೊಂಡು ಹೋಗಿ ಒಳಗಿನವರಿಗೆ ಹಂಚಿಸಿದರು. ಅವರು ಜೇಬಿನಿಂದ ಜ್ಯೇಷ್ಠಮಧುವಿನ ತುಂಡೊಂದನ್ನು ಮುರಿದು ಅಮ್ಮನಿಗೆ ಕೊಟ್ಟರು. ಮುಂದಕ್ಕೆ ಕೇಸು ಇಲ್ಲದಿದ್ದರೂ ಈ ಕಡೆ ಬಂದರೆ ಮಾತಾಡಿಸಿ ಎಂದರು. ಕೇಸು ಗೆದ್ದ ಖುಷಿಯಲ್ಲಿಯೂ ಅಂದು ಗುಡ್ಡೆ ಇಳಿಯುವಾಗ ನಮಗಿಬ್ಬರಿಗೂ ಏನೋ ಕಳೆದುಕೊಂಡ ಹಾಗೆ ಆಯಿತು. ಇನ್ನು ಅಮ್ಮನ ಹೆಸರನ್ನು ಹಾಗೆ ಯಾರು ಕೂಗುತ್ತಾರೆ?

ನಾನು ಮದುವೆಯಾಗಿ ದೂರ ಹೋದೆ. ನಿವೃತ್ತಿಯ ಮೇಲೆ ಒಮ್ಮೆ ಅವರನ್ನು ಸಂತೆಯಲ್ಲಿ ಕಂಡದ್ದು ಉಂಟು. ಸ್ವರ ಸಣ್ಣಗಾಗಿತ್ತು, ಕೆನ್ನೆಯಲ್ಲಿ ಬೇರು ಇತ್ತು. ಮೂರನೆಯ ಕೂಗಿನ ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಮತ್ತೆ ನಾನು ಊರಿಗೆ ಬರುವಾಗ ಅವರು ಇರಲಿಲ್ಲ. ಹೋದದ್ದು ಯಾವಾಗ ಎಂದು ಕೂಡ ಸರಿಯಾಗಿ ಹೇಳುವವರು ಸಿಗಲಿಲ್ಲ... ಅಮ್ಮನೂ ಹೋಗಿ ಬಹಳ ಕಾಲವಾಯಿತು.

ನಿನ್ನೆ ಪುತ್ತೂರಿನ ಡಾಕ್ಟರರಲ್ಲಿಂದ ಬರುವಾಗ ಮಗಳಿಗೆ ಕಾಟ ಕೊಟ್ಟು ರಿಕ್ಷಾವನ್ನು ಗುಡ್ಡೆಯ ಕಡೆಗೆ ತಿರುಗಿಸಿದೆ. ಹಲಸಿನ ಮರ ಇಲ್ಲ. ಆ ಜಗಲಿ ಇದ್ದದ್ದು ಎಲ್ಲಿ, ಬಸಳೆಯ ಚಪ್ಪರ ಎಲ್ಲಿ ಎಂದು ನನಗೆ ಗುರುತು ಹತ್ತಲಿಲ್ಲ. ಕರಿಕೋಟಿನ ಮಕ್ಕಳು ಗಡಿಬಿಡಿಯಲ್ಲಿ ಓಡಾಡುತ್ತಿದ್ದರು. ಒಂದು ಬದಿಗೆ ನಿಂತು ಬ್ಯಾರಿಗಳನ್ನು ಒಮ್ಮೆ ಕರೆಯೋಣ ಅನ್ನಿಸಿತು. ಬಾಯಿ ತೆರೆದ ಮೇಲೆ ನೆನಪಾಯಿತು, ಅವರ ಹೆಸರು ನನಗೆ ಗೊತ್ತಿಲ್ಲ. ಊರಿನವರ ಹೆಸರನ್ನೆಲ್ಲ ಅಷ್ಟು ಚಂದ ಮಾಡಿ ಕೂಗಿದವರ ಹೆಸರನ್ನು ನಾವು ಯಾರೂ ಒಂದು ದಿನವೂ ಕೇಳಿರಲಿಲ್ಲ.

ಬ್ಯಾರಿಗಳೇ ಎಂದೇ ಕರೆದೆ. ಮಗಳು ನಾಚಿಕೆಯಿಂದ, ಯಾರನ್ನಮ್ಮ ಕರೆಯುದು, ಎಲ್ಲರೂ ನೋಡ್ತಾರೆ, ಬಾ ಎಂದು ಕೈ ಹಿಡಿದಳು. ಕೈ ಬಿಡಿಸಿಕೊಂಡು ಎರಡನೆಯ ಸಲ ಕರೆದೆ. ಆಮೇಲೆ ಬಾಯಿಯಲ್ಲಿದ್ದ ಜ್ಯೇಷ್ಠಮಧುವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದೂಡಿ, ಇದ್ದ ಉಸಿರನ್ನೆಲ್ಲ ಹಾಕಿ ಮೂರನೆಯ ಸಲವೂ ಕರೆದೆ. ಕರೆಯುವವಳು ಜೀವ ಇರುವವಳೇ ಎಂದು ಅವರಿಗೆ ಗೊತ್ತಾಗಬೇಕಲ್ಲ.